ಮಗಳ ಆನ್‌ಲೈನ್ ಕ್ಲಾಸಿನಲ್ಲಿ ನಾನು

ದೆಹಲಿಯ ಚಳಿಗಾಲದಲ್ಲಿ ಹಸಿ ಬಟಾಣಿ ಸುಲಿಯದ ಮನೆಯಿಲ್ಲ. ಸೋವಿಯಾದಾಗ ಚೀಲ ತುಂಬ ತಂದು, ಬಿಸಿಲಿಗೆ ಕೂತು ಸುಲಿದು ಫ್ರಿಜ್ಜಿಗೆ ತುಂಬಿಬಿಟ್ಟರೆ ಬೇಸಿಗೆಯವರೆಗೂ ಚಿಂತೆಯಿಲ್ಲ. ಇವತ್ತು ಬೆಳಿಗ್ಗೆಯೂ ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಅದೇ ಕೆಲಸಕ್ಕೆ ಕೂತಿದ್ದೆ. ಮೊದಲ ಸಿಪ್ಪೆ ಬಿಡಿಸಿ ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅರ್ಥಶಾಸ್ತ್ರ ನೆನಪಾಯಿತು. ನಗಬೇಡಿ, ಕಾರಣವಿದೆ.

ಅದು ಕೊರೊನಾ ಕಾಲದ ಚಳಿಗಾಲ. ಮಗಳು ಅನನ್ಯ ಆಗಷ್ಟೇ ಬಿ.ಎ. ಅರ್ಥಶಾಸ್ತ್ರಕ್ಕೆ ಸೇರಿದ್ದಳು, ಕಾಲೇಜಿನ ಗೇಟನ್ನೂ ನೋಡಿರಲಿಲ್ಲ. ಅವಳ ವಿಶ್ವವಿದ್ಯಾಲಯವೆಲ್ಲ ನಮ್ಮ ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನೊಳಗೇ ಇತ್ತು. ಕ್ಯಾಮೆರಾ ಆಫ್, ಮೈಕ್ ಆಫ್, ಸ್ವಲ್ಪ ಹೊತ್ತಿಗೆ ಪಕ್ಕದ ದಿವಾನಿನ ಮೇಲೆ ರಜಾಯಿ ಹೊದ್ದು ಮಗಳೂ ಆಫ್. ಮೇಜಿನ ಮುಂದೆ ಬಟಾಣಿ ಸುಲಿಯುತ್ತ ಉಳಿದವಳು ನಾನೊಬ್ಬಳೇ. ಪಾಠ ಹೇಳುವವರಿಗೆ ಯಾರಾದರೂ ಒಬ್ಬರು ಕಿವಿ ಕೊಡಬೇಡವೇ? ನಾನು ಕೊಟ್ಟೆ.

ನನ್ನ ಓದಿನ ಕಥೆಯನ್ನೂ ಹೇಳಿಬಿಡುತ್ತೇನೆ. ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಮದುವೆಯಾಯಿತು. ಯಜಮಾನರದು ಕೇಂದ್ರ ಸರ್ಕಾರದ ಕೆಲಸ. ನಾಗಪುರದಲ್ಲಿ ಮತ್ತೆ ಕಾಲೇಜಿಗೆ ಸೇರಿದೆ, ಪರೀಕ್ಷೆಗೆ ಮೊದಲೇ ಭೋಪಾಲಿಗೆ ವರ್ಗವಾಯಿತು. ಭೋಪಾಲಿನಲ್ಲಿ ಸೇರಿದೆ, ದೆಹಲಿಗೆ ಹೊರಡಿ ಎಂದರು. ಆಮೇಲೆ ಕೈಬಿಟ್ಟೆ. “ಏನು ಓದಿದ್ದೀರಿ?” ಎಂದು ಯಾರಾದರೂ ಕೇಳಿದರೆ ಕಾಫಿ ತರುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತಿದ್ದೆ. ಆ ಅರ್ಧ ಡಿಗ್ರಿ ನನ್ನನ್ನು ಅಷ್ಟು ಚುಚ್ಚುತ್ತಿತ್ತು.

ಒಂದು ದಿನ ಮಗಳ ಕ್ಲಾಸಿನ ಪಂಜಾಬಿ ಮೇಡಂ ಹಿಂದಿಯಲ್ಲಿ ಕೇಳಿದರು: “ಟೊಮೆಟೊ ಬೆಲೆ ಎರಡು ಪಟ್ಟಾದರೆ ಅಂಗಡಿಯವನ ಗಳಿಕೆಯೂ ಎರಡು ಪಟ್ಟಾಗುತ್ತಾ?” ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಮತ್ತೆ ಕೇಳಿದರು, ಮತ್ತೆ ಮೌನ. ಗೋಡೆಗೆ ಪಾಠ ಹೇಳಿದಂತಿತ್ತು ಪಾಪ. ನನಗೆ ತಡೆಯಲಾಗಲಿಲ್ಲ. ಮೈಕ್ ಒತ್ತಿಯೇಬಿಟ್ಟೆ.

“ಆಗುತ್ತೆ ಮೇಡಂ. ಸಾರಿಗೆ ಟೊಮೆಟೊ ಬೇಕೇ ಬೇಕಲ್ಲ!” ಎಂದೆ, ನನ್ನ ಮುರುಕು ಹಿಂದಿಯಲ್ಲಿ.

“ಅನನ್ಯಾ, ನಿನ್ನ ಗಂಟಲಿಗೇನಾಯ್ತು?”

“ನಾನು ಅವಳ ಅಮ್ಮ ಮೇಡಂ.”

ಅಲ್ಲಿಯವರೆಗೆ ಸದ್ದಿಲ್ಲದಿದ್ದ ಮಕ್ಕಳ ನಗು ಲ್ಯಾಪ್‌ಟಾಪಿನಿಂದ ಒಮ್ಮೆಲೇ ಚಿಮ್ಮಿತು. ಮಗಳು ರಜಾಯಿ ಒದ್ದು ಓಡಿಬಂದಳು. “ಅಮ್ಮಾ! ಯೇ ಕ್ಯಾ ಕರ್ ದಿಯಾ! ಮ್ಯೂಟ್ ಮಾಡು, ಮ್ಯೂಟ್!”

ಮೇಡಂ ಮಾತ್ರ ನಗಲಿಲ್ಲ. “ಆಂಟೀಜೀ, ನಿಮ್ಮ ಉತ್ತರ ತಪ್ಪು. ಟೊಮೆಟೊ ತುಟ್ಟಿಯಾದರೆ ನಾನು ಸಬ್ಜಿಗೆ ಮೊಸರು ಹಾಕ್ತೀನಿ. ನಿಮ್ಮ ಸಾರಿಗೆ ಬೇರೆ ಹುಳಿಯೇ ಇಲ್ವಾ?”

ಇಲ್ಲದೆ ಏನು! ನಮ್ಮಮ್ಮ ಜೀವಮಾನವಿಡೀ ಹುಣಸೆಹಣ್ಣಿನ ಸಾರು ಮಾಡಿದವಳು. ಅಷ್ಟು ಮಕ್ಕಳ ಮುಂದೆ ತಪ್ಪು ಹೇಳಿದ್ದಕ್ಕೆ ನಾಚಿಕೆಯಾಗಬೇಕಿತ್ತು, ಆದದ್ದು ಖುಷಿ. ಎಲ್ಲಿ ತಪ್ಪಿದೆ ಎಂದು ತಿಳಿಯಿತಲ್ಲ! ಎಷ್ಟೋ ವರ್ಷಗಳ ಮೇಲೆ ಯಾರೋ ನನಗೆ ಪಾಠ ಹೇಳಿದ್ದರು. “ನಾಳೆಯಿಂದ ನೀವೂ ಕೂತ್ಕೊಳ್ಳಿ” ಎಂದರು ಮೇಡಂ. ಆ ವರ್ಷವೆಲ್ಲ ಕೂತೆ. ನಾನು ಮತ್ತೆಲ್ಲಿ ಮೈಕ್ ಒತ್ತಿಬಿಡುತ್ತೇನೋ ಎಂಬ ಭಯಕ್ಕೆ ಮಗಳು ಮಾತ್ರ ಕ್ಲಾಸಿನ ನಿದ್ದೆ ಬಿಟ್ಟಳು.

ಈಗ ಎಂ.ಎ. ಓದುತ್ತಿರುವ ಅವಳು ಇವತ್ತಿಗೂ ಜಗಳಕ್ಕೆ ನಿಲ್ಲುತ್ತಾಳೆ. “ಆನ್‌ಲೈನ್ ಅಂದ್ರೆ ಟೈಮ್‌ವೇಸ್ಟ್ ಅಮ್ಮಾ. ಫಸ್ಟ್ ಇಯರ್‌ನಲ್ಲಿ ನಾನು ಕುಛ್ ಭೀ ಕಲೀಲಿಲ್ಲ.” ಅವಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆ ವಯಸ್ಸಿಗೆ ಕಾಲೇಜೆಂದರೆ ಕ್ಯಾಂಟೀನು, ಮೆಟ್ರೋ, ಪಕ್ಕದಲ್ಲಿ ಪಿಸುಗುಟ್ಟುವ ಗೆಳತಿ. ಅದ್ಯಾವುದೂ ಲ್ಯಾಪ್‌ಟಾಪಿನಲ್ಲಿ ಸಿಗುವುದಿಲ್ಲ. ಆದರೆ ಕಾಲೇಜಿನಲ್ಲಿ ಕೊನೆಯ ಬೆಂಚಿನ ಮೇಲೆ ಬಾಯಿ ಬಿಡದೆ ಕೂತಿದ್ದ ನನಗೆ, ಮುಖ ಕಾಣದ ಆ ಕ್ಲಾಸಿನಲ್ಲೇ ಬಾಯಿ ಬಂದದ್ದು. ಆನ್‌ಲೈನ್ ಪಾಠದಿಂದ ಪ್ರಯೋಜನವಿದೆಯೇ ಎಂದು ಟಿ.ವಿ.ಯಲ್ಲಿ ಗಂಟೆಗಟ್ಟಲೆ ಚರ್ಚಿಸುವವರು, ಯಾರಿಗೆ ಎಂದು ಕೇಳುವುದೇ ಇಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ. ಮಗಳ ಆ ವರ್ಷ ಮುಗಿದ ಮೇಲೆ ನಾನೂ ಮೊದಲ ವರ್ಷದಿಂದಲೇ ಮತ್ತೆ ಶುರುಮಾಡಿ ಆನ್‌ಲೈನ್ ಬಿ.ಎ.ಗೆ ಸೇರಿದೆ. ಈಗ ಕೊನೆಯ ವರ್ಷ.

ಇವತ್ತು ಮಧ್ಯಾಹ್ನ ಯಜಮಾನರು ಆಫೀಸಿನಿಂದ ಬೇಗ ಬಂದರು. ಬಂದವರು ಶೂ ಬಿಚ್ಚದೆ ಬಾಗಿಲಲ್ಲೇ ನಿಂತರು. ಆ ನಿಲುವು ನನಗೆ ಹೊಸದಲ್ಲ.

“ವರ್ಗ ಆಯ್ತೇನ್ರೀ?”

“ಹ್ಞೂಂ, ಗುವಾಹಟಿ. ಈ ಸಲವೂ ನಿನ್ನ ಓದು...” ಎಂದು ತಲೆ ತಗ್ಗಿಸಿದರು.

ನನ್ನ ಎದೆ ಧಸಕ್ಕೆನ್ನುತ್ತದೆಂದು ಕಾದೆ. ಅನ್ನಲಿಲ್ಲ.

“ಅಲ್ಲಿ ಇಂಟರ್ನೆಟ್ ಚೆನ್ನಾಗಿದೆಯಾ ವಿಚಾರಿಸಿ,” ಎಂದೆ. “ಈ ಸಲ ಕಾಲೇಜೂ ನನ್ನ ಜೊತೆ ಬರುತ್ತೆ. ಅಡುಗೆ ಮೇಜಿನ ಮೇಲಿದೆ, ಬಡಿಸಿಕೊಂಡು ಊಟ ಮಾಡಿ. ನನಗೆ ಕ್ಲಾಸಿಗೆ ಹೊತ್ತಾಯ್ತು.”