ಆರು ಸಲ ಮಾರಿದ ಕುಂಬಳಕಾಯಿ

ತೀರಿಕೊಂಡು ಎಷ್ಟೋ ವರ್ಷವಾದ ನಮ್ಮಪ್ಪನ ಮೇಲೆ ಇವತ್ತು ಕಳ್ಳಲೆಕ್ಕದ ಆರೋಪ ಬಂತು, ಗೆಳೆಯರೇ.

ಕೂಡ್ಲಿಗಿ ಕಡೆಯ ನಮ್ಮ ಸಣ್ಣ ಚರ್ಚಿನಲ್ಲಿ ವಾರ್ಷಿಕ ಲೆಕ್ಕದ ಸಭೆ. ಹೊಸ ಖಜಾಂಚಿ ಜೋಸೆಫ್ ಬ್ಯಾಂಕಿನ ನೌಕರ. ಎಪ್ಪತ್ತರ ದಶಕದಲ್ಲಿ ನಮ್ಮಪ್ಪ ಬರೆಯುತ್ತಿದ್ದ ಲೆಕ್ಕದ ಪುಸ್ತಕ ಅವನಿಗೆ ಬೀರುವಿನಲ್ಲಿ ಸಿಕ್ಕಿತ್ತು.

"ನೋಡ್ರಿ ಇಲ್ಲಿ. ಬಂದಿದ್ದು ಒಂದ ಕುಂಬಳಕಾಯಿ, ಮಾರಿದ್ದು ಆರು ಸಲ! ಇದ್ಯಾವ ಲೆಕ್ಕರಿ?"

ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು.

"ಸುಗ್ಗಿ ಹಬ್ಬದ ಹರಾಜು ಕಂಡೀಯೇನಲೇ ನೀನು?" ಅಂದೆ.

ಆ ಕಾಲದಲ್ಲಿ ಹಬ್ಬದ ಪೂಜೆ ಮುಗಿದ ಮೇಲೆ, ಜನ ಕಾಣಿಕೆ ತಂದ ಜೋಳ, ಶೇಂಗಾ, ಕೋಳಿಯನ್ನೆಲ್ಲ ಬೇವಿನ ಮರದ ಕೆಳಗೆ ಹರಾಜು ಹಾಕುತ್ತಿದ್ದರು. ಕುಂಬಳಕಾಯಿಯನ್ನು ಮಾತ್ರ ಯಾರೂ ಮನೆಗೆ ಒಯ್ಯುತ್ತಿರಲಿಲ್ಲ. ಕೂಗಿ ಗೆದ್ದವರು ದುಡ್ಡು ಕೊಟ್ಟು, "ಇದು ಚರ್ಚಿಗೇ ಇರ್ಲಿ, ಮತ್ತ ಕೂಗ್ರಿ" ಅಂತ ವಾಪಸು ಇಡುತ್ತಿದ್ದರು. ಎದುರಿನ ಸೈಕಲ್ ಅಂಗಡಿಯ ಖಾಸಿಂ ಸಾಬರೂ ಬಂದು ಒಂದು ಸಲ ಕೂಗುತ್ತಿದ್ದರು. ಚರ್ಚಿನ ಸೂರಿಗೆ ತಗಡು ಹೊದಿಸಿದ್ದು ಆ ದುಡ್ಡಿನಿಂದಲೇ.

ಜೋಸೆಫ್ ಬಿಡಲಿಲ್ಲ. "ಕಡೀಗೆ ಆ ಕಾಯಿ ಎಲ್ಲಿ ಹೋತು? ಅದನ್ನ ಬರದೇ ಇಲ್ಲಲ್ರಿ."

ಮುಂದಿನ ಬೆಂಚಿನಲ್ಲಿದ್ದ, ಎಂಬತ್ತು ದಾಟಿದ ಮರಿಯಮ್ಮಜ್ಜಿ ಜೋಸೆಫನ ಕಡೆ ಮೆಲ್ಲಗೆ ತಿರುಗಿದರು.

"ಎಲ್ಲಿ ಹೋಗ್ತೈತಿ? ಮಧ್ಯಾಹ್ನ ಪಲ್ಯ ಮಾಡಿ ಎಲ್ರಿಗೂ ಬಡಿಸಿದ್ವಿ. ನಿಮ್ಮಪ್ಪ ಮೂರು ಸಲ ಹಾಕಿಸ್ಕೊಂಡಿದ್ದ."

ಸಭೆ ಮುಗಿದ ಮೇಲೆ ಪುಸ್ತಕವನ್ನು ನಾನೇ ತಿರುವಿ ನೋಡಿದೆ. ಒಂದು ಪೈಸೆಯನ್ನೂ ಬಿಡದೆ ಬರೆದಿದ್ದ ನಮ್ಮಪ್ಪ, ಯಾರು ಎಷ್ಟು ಸಲ ಹಾಕಿಸಿಕೊಂಡರು ಅನ್ನುವುದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ.

ಜೋಸೆಫ್ ಬಚಾವಾದ.