ಮುರಿಗೆವ್ವ ಆರಿಸಿದ ಕಿಟ್

ನಮ್ಮ ಮನೆಯಲ್ಲಿ ಬಲ್ಬ್ ಬದಲಿಸುವವಳು ನಾನು. ಫ್ಯೂಸ್ ಹೋದರೆ ಹಾಕುವವಳೂ ನಾನೇ. ನನ್ನ ಗಂಡ ಗುರುಬಸವ ಐವತ್ತರ ಹೊಸ್ತಿಲಲ್ಲಿರುವ ಎತ್ತರದ ಆಳು, ಎಪಿಎಂಸಿಯಲ್ಲಿ ಕಾಳಿನ ವ್ಯಾಪಾರ, ಹಮಾಲರನ್ನು ಗದರಿಸಿ ಕೆಲಸ ತೆಗೆಯುವ ಮನುಷ್ಯ. ಮನೆಯಲ್ಲಿ ಮಾತ್ರ ಸ್ಟೂಲಿನ ಕಾಲು ಹಿಡಿದು ನಿಂತು "ವಾಣೀ, ಸಂಭಾಳಿಸು" ಎನ್ನುತ್ತಾರೆ. ನವನಗರದ ಓಣಿಯವರು ಇದನ್ನು ಕಂಡು ನಕ್ಕಿದ್ದಾರೆ. ನಗಲಿ ಬಿಡಿ, ಅವರ ಹಲ್ಲು ಅವರವು.

ಇದು ನಮ್ಮ ಅತ್ತೆ ಮುರಿಗೆವ್ವನವರ ಕಟ್ಟಪ್ಪಣೆ. ಮಾವ ಮುರುಗೆಪ್ಪ ಮುಗದ ಎಂಬ ಊರಿನ ಹೊಲದಲ್ಲಿ ಪಂಪಿನ ಬಟನ್ ಆರಿಸಿಯೇ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಕೈ ಹಾಕಿದ್ದರು. ಬಟನ್ ಆರಿತ್ತು, ಒಂದು ತಂತಿಯಲ್ಲಿ ಕರೆಂಟ್ ಉಳಿದಿತ್ತು. ಮಾವ ಅಲ್ಲೇ ತೀರಿಕೊಂಡರು. ಆಗ ಇವರಿನ್ನೂ ಕಾಲೇಜು ಮುಗಿಸಿರಲಿಲ್ಲ. ಅಂದಿನಿಂದ ಅತ್ತೆ ಮಗನಿಗೆ ಒಂದು ತಂತಿ ಮುಟ್ಟಗೊಟ್ಟಿಲ್ಲ. ಉರಿಯುವ ಕರೆಂಟಿಗೆ ಅವರು ಅಷ್ಟು ಹೆದರುವುದಿಲ್ಲ. ಆರಿಸಿದ ಬಟನ್ ಕಂಡರೆ ಹೆದರುತ್ತಾರೆ. ಸೊಸೆ ಸತ್ತರೆ ಅಡ್ಡಿಯಿಲ್ಲವೇನು ಎಂದು ನಾನೊಮ್ಮೆ ಸಿಟ್ಟಿನಲ್ಲಿ ಕೇಳಿಯೂ ಇದ್ದೆ.

"ನೀ ಅಂಜುಬುರುಕಿ, ಹತ್ತ ಸಲ ನೋಡಿ ಮುಟ್ಟತಿ," ಎಂದರು ಅತ್ತೆ. "ಅಂವ ಅವರಪ್ಪನಂಗ ಹುಂಬ."

ಮಾತು ಖರೇ ಇತ್ತು.

ಇಂಥ ಮನುಷ್ಯನಿಗೆ ಹಿಡಿದ ಹುಚ್ಚು ಯಾವುದು ನೋಡಿ: ಹವಾಯಿಯನ್ ಗಿಟಾರ್. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಗಿಟಾರ್ ಅದು. ಸೋಮವಾರದ ಭಜನೆಗೆ ಅದನ್ನು ನುಡಿಸುತ್ತಾರೆ. ಧ್ವನಿ ಹೊರಡಿಸುವ ಡಬ್ಬಿ ಮಾತ್ರ ಅಗ್ಗದ್ದು. ಎಂಥ ಸ್ವರ ಹಾಕಿದರೂ ತಗಡು ಕೆರೆದಂತೆ ಹೊರಬರುತ್ತದೆ. ಹಳೇ ಹುಬ್ಬಳ್ಳಿಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿರುವ ಮೌಲಾಲಿ ಇವರ ಗೆಳೆಯ. ಅವರ ಅಪ್ಪ ಗುಲಾಬಸಾಬರ ಕಾಲದ, ಗಾಜಿನ ವಾಲ್ವ್ ಹೊತ್ತಿಸಿಕೊಂಡು ನಡೆಯುವ ಆಂಪ್ಲಿಫೈಯರ್ ಒಂದು ಆ ಅಂಗಡಿಯಲ್ಲಿದೆ. ಒಂದು ದಿನ ಇವರು ತಮ್ಮ ಗಿಟಾರನ್ನು ಅದಕ್ಕೆ ಜೋಡಿಸಿ ನುಡಿಸಿದರು. ನಾನೂ ಅಲ್ಲಿದ್ದೆ. ಸ್ವರ ಹೊರಟಿದ್ದು ಕೇಳಿ ಇವರ ಕಣ್ಣು ತುಂಬಿತು. ನಮ್ಮ ಮದುವೆಯಲ್ಲೂ ಈ ಮನುಷ್ಯ ಹಾಗೆ ಅತ್ತಿರಲಿಲ್ಲ.

ಅಪ್ಪನ ನೆನಪಿನ ಪೆಟ್ಟಿಗೆಯನ್ನು ಮೌಲಾಲಿ ಮಾರುವವರಲ್ಲ. ಅಂಥದ್ದು ಹೊಸದು ಕೊಳ್ಳುವುದು ನಮ್ಮ ಕೈಗೆಟುಕುವ ಮಾತಲ್ಲ.

"ಕಿಟ್ ಬರತಾವ್ರಿ ಸಾವಕಾರ್ರ," ಎಂದರು ಮೌಲಾಲಿ. "ಎಲ್ಲಾ ಬಿಡಿ ಸಾಮಾನು ಕೊಟ್ಟಿರತಾರ. ನೀವs ಬೆಸಿಗಿ ಹಾಕಿ ಕಟ್ರಿ. ನಾ ಬಾಜೂಕ ಕೂಡತೇನಿ."

ಮುಗಿಯಿತು. ಊಟಕ್ಕೆ ಕೂತರೂ ಕಿಟ್, ಎದ್ದರೂ ಕಿಟ್. ಫೋನಿನಲ್ಲಿ ಎರಡನ್ನು ಗುರುತು ಹಾಕಿಟ್ಟುಕೊಂಡರು. ಒಂದು ದೊಡ್ಡದು: ಸಾಲಾಗಿ ವಾಲ್ವ್‌ಗಳು, ಕಲ್ಯಾಣಮಂಟಪ ನಡುಗಿಸುವ ಶಕ್ತಿ. ಅದು ಅಮೆರಿಕದ ಕರೆಂಟಿಗೆ ಮಾಡಿದ್ದಾದ್ದರಿಂದ ಇಲ್ಲಿ ನಡೆಯಬೇಕಾದರೆ ನಡುವೆ ಇನ್ನೊಂದು ಟ್ರಾನ್ಸ್‌ಫಾರ್ಮರ್ ಬೇಕು. ಇನ್ನೊಂದು ಸಣ್ಣದು, ಪಡಸಾಲೆಗೆ ಸಾಕಾಗುವ ಧ್ವನಿ. ನಮ್ಮ ಕರೆಂಟಿಗೇ ಹೊಂದುತ್ತದೆ, ಯಾವ ತಂತಿ ಎಲ್ಲಿಗೆ ಎಂದು ಪುಟಪುಟಕ್ಕೂ ಚಿತ್ರವಿದೆ. ಇವರಿಗೆ ಯಾವುದು ಬೇಕಿತ್ತೆಂದು ಹೇಳಬೇಕೇ? ದೊಡ್ಡದೇ.

"ರೊಟ್ಟಿ ಬಡಿಯೂದು ಕಲಿಯಾಕತ್ತಾಕಿ ಮೊದಲನೇ ದಿನಾನs ಮದವಿ ಮನಿಗೆ ಬಡೀತಾಳೇನ್ರಿ?" ಎಂದೆ.

"ನಿನಗೇನ ತಿಳೀತೈತಿ, ಸುಮ್ನಿರು," ಎಂದರು. ನನಗೆ ಕಿಟ್ಟಿಗಿಂತ ಅತ್ತೆಯ ಚಿಂತೆ ಹತ್ತಿತ್ತು.

ಅತ್ತೆಗೆ ಇವರು ಹೇಳಿದ್ದು ಒಂದೇ ಮಾತು. "ಅವ್ವಾ, ಬಟನ್ ಆರಿಸೇ ಕೆಲಸ ಮಾಡೂದು. ಏನೂ ಅಂಜಿಕಿಲ್ಲ." ಬಟನ್ ಆರಿಸುವ ಮಾತನ್ನು ಆ ತಾಯಿಗೆ ಹೇಳಬಾರದೆಂಬ ಬುದ್ಧಿ ಈ ಪುಣ್ಯಾತ್ಮನಿಗೆ ಇರಲಿಲ್ಲ. ಅತ್ತೆ ಮರುದಿನ ಚಹಾಕ್ಕೆ ಬಂದ ಮೌಲಾಲಿಯನ್ನು ಹತ್ತಿರ ಕೂರಿಸಿಕೊಂಡು ಕೇಳಿದರು.

"ಮೌಲಾಲಿ, ನನಗ ಖರೇ ಹೇಳಪಾ. ಬಟನ್ ಆರಿಸಿದ ಮ್ಯಾಲೆ ಅದು ಪೂರಾ ಸಾಯತೈತೇನು?"

ಮೌಲಾಲಿ ಕಪ್ಪು ಕೆಳಗಿಟ್ಟರು. ಇವರು ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದರು. ಮೌಲಾಲಿ ಆ ಕಡೆ ನೋಡಲಿಲ್ಲ.

"ಇಲ್ರೀ ಅವ್ವಾರ. ಒಳಗ ಕಂಡೆನ್ಸರ್ ಅಂತ ಇರತಾವ. ಕರೆಂಟ್ ಕೂಡಿಸಿ ಇಟಗೊಂಡಿರತಾವ. ಬಟನ್ ಆರಿಸಿದ್ರೂ ಇರತೈತಿ. ಆ ಕರೆಂಟ್ ಖಾಲಿ ಮಾಡೇ ಕೈ ಹಚ್ಚಬೇಕು."

ಅತ್ತೆ ಎದ್ದು ನಿಂತರು. "ಹಂಗಾರ ಬ್ಯಾಡ," ಎಂದಷ್ಟೇ ಹೇಳಿ ಒಳಗೆ ಹೋದರು.

ಇವರು ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಡಲಿಲ್ಲ. ಗಿಟಾರನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು. ಸೋಮವಾರ ಬಂತು, ಭಜನೆಗೆ ಹೋಗಲಿಲ್ಲ. ಅಪ್ಪ ಹೋದ ಮೇಲೆ ವ್ಯಾಪಾರ, ತಂಗಿಯರ ಮದುವೆ, ನಮ್ಮ ಸಂಸಾರ ಎಂದು ದುಡಿದ ಮನುಷ್ಯ ತನಗಾಗಿ ಕೇಳಿದ್ದು ಇದೊಂದನ್ನೇ. ಅತ್ತೆಯ ಮೇಲೆ ಸಿಟ್ಟು ಮಾಡಬೇಕೆಂದರೆ ಅವರ ತಟ್ಟೆಯಲ್ಲೂ ರೊಟ್ಟಿ ಹಾಗೇ ಉಳಿದಿತ್ತು.

ಕೊನೆಗೆ ಒಂದು ಮುಂಜಾನೆ ಅತ್ತೆ ತಾವೇ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತರು. "ನಡೀರಿ, ಮೌಲಾಲಿ ಅಂಗಡಿಗೆ. ಅದು ಹೆಂಗ ಸಾಯತೈತಿ, ನಾ ಕಣ್ಣಿಲೆ ನೋಡಬೇಕು."

ಅಂಗಡಿಯಲ್ಲಿ ಮೌಲಾಲಿ ಅವರಿಗೆ ಕುರ್ಚಿ ಒರೆಸಿ ಹಾಕಿದರು. ಗುಲಾಬಸಾಬರ ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಿ, ಕರೆಂಟ್ ಕುಡಿಯುವ ವಾಲ್ವ್‌ಗಳನ್ನು ಕಿತ್ತು ಪಕ್ಕಕ್ಕಿಟ್ಟು, ಮೀಟರಿನ ತಂತಿ ಹಚ್ಚಿದರು. ಬಟನ್ ಹಾಕಿದಾಗ ಮುಳ್ಳು ಏರಿತು. ಆರಿಸಿದರು. ಮುಳ್ಳು ಏರಿದಲ್ಲೇ ನಿಂತಿತ್ತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡ ಭಯ ಕಣ್ಣೆದುರು ಬಂದು ನಿಂತಿತ್ತು.

ಆಗ ಮೌಲಾಲಿ ಉಳಿದ ಕರೆಂಟನ್ನು ಹೀರಿ ಇಳಿಸುವ ಒಂದು ಸಣ್ಣ ರೆಸಿಸ್ಟರನ್ನು ಕ್ಲಿಪ್ಪುಗಳಿಂದ ಕಂಡೆನ್ಸರಿಗೆ ಅಡ್ಡ ಸಿಕ್ಕಿಸಿದರು. ಮುಳ್ಳು ಮೆಲ್ಲಗೆ ಇಳಿಯುತ್ತ ಇಳಿಯುತ್ತ ಸೊನ್ನೆಗೆ ಬಂತು.

"ಈಗ ಸತ್ತೈತ್ರಿ," ಎಂದು ಒಳಗೆ ಕೈಯಿಟ್ಟು ತೋರಿಸಿದರು.

"ಇನ್ನೊಮ್ಮೆ ಮಾಡು."

ಮತ್ತೆ ಮಾಡಿದರು. ಮತ್ತೊಮ್ಮೆ ಎಂದರು. ಆಮೇಲೆ ಅತ್ತೆ ಕೇಳಿದ್ದು ನಮ್ಮಿಬ್ಬರಿಗೂ ಹೊಳೆಯದ ಪ್ರಶ್ನೆ. "ಈ ಇಳಿಸೂ ಸಾಮಾನು ಯಾವ ಕಿಟ್ಟಿನ್ಯಾಗ ಮೊದಲs ಇರತೈತಿ?"

"ಸಣ್ಣದರಾಗ ಕೊಟ್ಟಾರ್ರಿ, ಚಿತ್ರದಾಗೂ ತೋರ್ಸ್ಯಾರ. ದೊಡ್ಡದರವರು ಅದರ ಸುದ್ದೀನs ತಗದಿಲ್ಲ."

"ಹಂಗಾರ ಸಣ್ಣದs," ಎಂದರು ಅತ್ತೆ, ಸಂತೆಯಲ್ಲಿ ಕುಂಬಳಕಾಯಿ ಆರಿಸಿದಷ್ಟು ಸರಳವಾಗಿ. ಅಷ್ಟು ದಿನ ಫೋನು ತಿಕ್ಕಿದವರಿಗೆ ಇದು ಕಂಡೇ ಇರಲಿಲ್ಲ!

ಇವರಿಗೆ ಖುಷಿ ತಡೆಯಲಾಗಲಿಲ್ಲ. ಸಣ್ಣದೋ ದೊಡ್ಡದೋ, ಅವ್ವ ಒಪ್ಪಿದಳಲ್ಲ! ಮೌಲಾಲಿ ಕಡೆಯ ಸಲ ತೋರಿಸಲೆಂದು ಬಟನ್ ಹಾಕಿದ್ದರು. ಇವರು ಅದರ ಮೇಲೆಯೇ ಬಗ್ಗಿದರು. ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಅಂಗಿಯಿಂದ ಜಾರಿ, ಸರಪಳಿಯ ತುದಿಯಲ್ಲಿ ತೂಗುತ್ತ ತೆರೆದ ಪೆಟ್ಟಿಗೆಯ ಕಡೆ ಇಳಿಯಿತು. ನಾನು ಕಿರುಚುವಷ್ಟರಲ್ಲಿ ಅತ್ತೆ ಎದ್ದು, ಹಿಂದಿನಿಂದ ಸರಪಳಿ ಹಿಡಿದು ಮಗನನ್ನು ಕರುವನ್ನು ಎಳೆದಂತೆ ಎಳೆದಿದ್ದರು.

ಮೌಲಾಲಿ ಪ್ಲಗ್ ಕಿತ್ತೆಸೆದು ನೆಲದ ಮೇಲೆ ಕೂತುಬಿಟ್ಟರು. "ಉಂಗುರ, ವಾಚ್, ಸರಪಳಿ ಯಾವದೂ ಮೈಮ್ಯಾಲೆ ಇರಬಾರ್ದ್ರಿ ಅವ್ವಾರ. ಮೊದಲನೇ ದಿನಾನs ಹೇಳಬೇಕಂತಿದ್ನಿ. ನಾ ಬ್ಯಾರೆ ಧರ್ಮದಾಂವ, ನಿಮಗ ಲಿಂಗಾ ತಗೀರಿ ಅಂತ ಹೆಂಗ ಹೇಳಲಿ? ನಾಲಿಗಿ ಏಳಲಿಲ್ಲ."

ಇವರ ಮುಖ ಬಿಳಿಚಿತ್ತು. ಇನ್ನು ಈ ಜನ್ಮದಲ್ಲಿ ಅವ್ವ ಒಪ್ಪುವುದಿಲ್ಲ ಎಂದು ಆ ಮುಖ ಹೇಳುತ್ತಿತ್ತು. ನಾನೂ ಹಾಗೆಯೇ ತಿಳಿದೆ. ಅತ್ತೆ ಸರಪಳಿ ಬಿಟ್ಟಿರಲಿಲ್ಲ.

"ಲಿಂಗಾ ತಗೀಬಾರದು," ಎಂದರು ಕೊನೆಗೆ. "ಬೆಳ್ಳಿ ತಗದ್ರ ಏನ ಆಗತೈತಿ? ನಮ್ಮಪ್ಪ ಸಾಯೂತನಾ ಅರಿವ್ಯಾಗ ಕಟಗೊಂಡಿದ್ದ. ಕಿಟ್ ತರಸು."

ಕಿಟ್ ಬಂತು. ಆ ದಿನ ಪೂಜೆ ಮುಗಿದು ಇವರು ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದಾಗ, ಅತ್ತೆ ಬಿಳಿಯ ಅರಿವೆಯಲ್ಲಿ ಅದನ್ನು ಸುತ್ತಿಸಿ, ನೂಲಿನ ಶಿವದಾರದಿಂದ ಕೊರಳಿಗೆ ಗಿಡ್ಡವಾಗಿ, ಜೋತಾಡದಂತೆ ಕಟ್ಟಿದರು. ಬೆಳ್ಳಿ ಕರಡಿಗೆ ಜಗುಲಿಯ ಮೇಲೆ ಕೂತಿತು. ಇವರು ಬೆಸುಗೆ ಹಾಕಿದರು, ಮೌಲಾಲಿ ಪಕ್ಕದಲ್ಲಿ ಕೂತು ಬೈದರು, ನಾನು ಚಹಾ ಮಾಡಿ ಮಾಡಿ ಬೇಸತ್ತೆ. ಕೊನೆಗೊಂದು ಸಂಜೆ ಬಟನ್ ಹಾಕಿದರು. ವಾಲ್ವ್‌ಗಳಲ್ಲಿ ಕೆಂಪು ಮೂಡಿತು. ಅದರ ಜೊತೆಗೆ ದುಂಬಿಯಂಥ ಗುಂಯ್ ಸದ್ದೂ ಬಂತು.

"ಯಾವುದೋ ತಂತಿ ಸಡಲ ಐತ್ರಿ," ಎಂದರು ಮೌಲಾಲಿ. ಇವರು ತಟ್ಟನೆ ಬಟನ್ ಆರಿಸಿ ಒಳಗೆ ಕೈ ಚಾಚಿದರು.

"ತಡಿ."

ಅತ್ತೆ ಕನ್ನಡಕ ಏರಿಸಿಕೊಂಡು, ಮೌಲಾಲಿ ಹಚ್ಚಿಟ್ಟಿದ್ದ ಮೀಟರಿನ ಮುಂದೆ ಕೂತಿದ್ದರು. ಮುಳ್ಳು ಇಳಿಯುತ್ತಿತ್ತು. ಇವರ ಕೈ ಗಾಳಿಯಲ್ಲೇ ನಿಂತಿತು. ಮುಳ್ಳು ಸೊನ್ನೆಗೆ ಬಂದು ನಿಂತ ಮೇಲೂ ಅತ್ತೆ ಇನ್ನಷ್ಟು ನೋಡಿದರು.

"ಹಾಂ, ಸತ್ತೈತಿ. ಈಗ ಮುಟ್ಟು, ಮಗನ."

ಇವರು ಮುಟ್ಟಿದರು. ತಂತಿ ಸರಿಹೋಯಿತು, ಗಿಟಾರು ನುಡಿಯಿತು, ಪಡಸಾಲೆ ತುಂಬಿತು. ಮೌಲಾಲಿ "ವಾಹ್" ಎಂದರು. ಅತ್ತೆಯ ಕಣ್ಣು ಮಾತ್ರ ಇನ್ನೂ ಮೀಟರಿನ ಮೇಲೆಯೇ ಇತ್ತು. ನಾನು ಹೋಗಿ ಅವರ ಹೆಗಲ ಮೇಲೆ ಕೈಯಿಟ್ಟೆ.

"ಅವತ್ತ ಹೊಲದಾಗ ಅವರ ಬಾಜೂಕ ನೋಡಿ ಹೇಳಾಕ ಯಾರೂ ಇದ್ದಿಲ್ಲ ವಾಣೀ," ಎಂದರು.