ಗುಂಡಿಯೊಳಗಿನಿಂದ ಒಂದು ಕನ್ನಡದ ಕೂಗು

ಕತಾರಿನ ಸಲ್ವಾ ರಸ್ತೆ ಮುಗಿಯುವ ಗಡಿಯಲ್ಲಿ ಇನ್ನೂ ನಸುಕು. ಟೊಮ್ಯಾಟೊ, ಈರುಳ್ಳಿ, ಸಿಮೆಂಟು ಹೊತ್ತು ಹೊರದೇಶಗಳಿಂದ ಬಂದ ಲಾರಿಗಳು ಸಾಲುಗಟ್ಟಿ ನಿಂತಿವೆ. ತಪಾಸಣೆಯ ಅಂಗಳದಲ್ಲಿ ಆಳೆತ್ತರದ ಒಂದು ಗುಂಡಿ. ಮೊದಲ ಲಾರಿ ಅದರ ಮೇಲೆ ಬಂದು ನಿಂತ ಕೂಡಲೇ ಕೆಳಗಿನಿಂದ ಕೂಗು ಏಳುತ್ತದೆ: “ನಮಸ್ಕಾರ್ರಿ! ನಮ್ಮ ಕಡೆಯವರೇನ್ರಿ? ಚಾ ಆತೇನು?”

ಪೇಶಾವರದ ಡ್ರೈವರ್ ಕಕ್ಕಾಬಿಕ್ಕಿಯಾಗಿ ಕಿಟಕಿಯಿಂದ ಬಗ್ಗಿ ನೋಡುತ್ತಾನೆ. ಯಾರೂ ಕಾಣುವುದಿಲ್ಲ. ಚಕ್ರಗಳ ನಡುವೆ ಟಾರ್ಚಿನ ಬೆಳಕೊಂದು ಮಾತ್ರ ಓಡಾಡುತ್ತದೆ.

“ಮಂಡೆ ಸಮ ಉಂಟಾ ಇವರಿಗೆ ಅಂತ ಎಲ್ಲರೂ ಕೇಳ್ತಾರೆ ಮಾರಾಯ್ರೆ. ಸಿರಿಯಾದವನಿಗೂ ಕನ್ನಡದಲ್ಲೇ ನಮಸ್ಕಾರ!” ಎಂದು ನಗುತ್ತಾರೆ ಅಂಗಳದ ಗುಮಾಸ್ತ, ಉಡುಪಿ ಕಡೆಯ ಗೇಬ್ರಿಯಲ್. ಕಾರಣ ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ನಗುತ್ತಾರೆ, ನಗದಿದ್ದರೆ ಇಬ್ಬರಿಗೂ ಕಷ್ಟ.

ಗುಂಡಿಯೊಳಗಿರುವವರು ವಿರುಪಾಕ್ಷಪ್ಪ. ರೋಣ ತಾಲ್ಲೂಕಿನವರು, ವಯಸ್ಸು ಐವತ್ತರ ಆಸುಪಾಸು. ಹುಬ್ಬಳ್ಳಿಯಿಂದ ಕಾರವಾರಕ್ಕೆ ಲಾರಿ ಓಡಿಸಿ, ಅರಬೈಲು ಘಟ್ಟದಲ್ಲಿ ಬ್ರೇಕಿನ ಬೆಲೆ ಕಲಿತವರು. ಕತಾರಿಗೆ ಬಂದದ್ದು ನೀರಿನ ಟ್ಯಾಂಕರ್ ಡ್ರೈವರ್ ಆಗಿ. ಬೆನ್ನು ಕೈಕೊಟ್ಟ ಮೇಲೆ ಈ ಗುಂಡಿಯೇ ಅವರ ಕಚೇರಿ. ಇಡೀ ದಿನ ಕತ್ತೆತ್ತಿ ಲಾರಿಗಳ ಅಡಿಭಾಗ ತಪಾಸಣೆ ಮಾಡುವುದೇ ಕೆಲಸ. ಬೇಸಿಗೆಯಲ್ಲಿ ಮೇಲಿನಿಂದ ಎಂಜಿನ್ನಿನ ಕಾವು, ಕೆಳಗಿನಿಂದ ನೆಲದ ಕಾವು. ಕಣ್ಣಿಗೆ ಎಣ್ಣೆ ತೊಟ್ಟಿಕ್ಕುತ್ತದೆ. ಗುರುವಾರ ಸಂಜೆ ರಾಜಧಾನಿಯ ಬಿನ್ ಮಹಮೂದ್ ಬಡಾವಣೆಯ ಹಳೆಯ ಫ್ಲ್ಯಾಟಿಗೆ ಹೋಗಿ ಗೆಳೆಯರೊಂದಿಗೆ ರೊಟ್ಟಿ ಬಡಿದು ತಿಂದರೆ, ಶುಕ್ರವಾರ ರಾತ್ರಿ ಮತ್ತೆ ಗಡಿಗೆ.

ದಿನಕ್ಕೆ ನಲವತ್ತು, ಕೆಲವೊಮ್ಮೆ ಅರವತ್ತು ಲಾರಿ. ದೇಶದೊಳಗಿನ ಲಾರಿಯದಾದರೆ ಹಿಂದುಮುಂದು ಗೊತ್ತಿರುತ್ತದೆ. ಹೊರದೇಶದ ಕಂಪನಿಯ ಲಾರಿಯನ್ನು ಕೊನೆಯ ಬಾರಿ ಯಾರು, ಯಾವಾಗ ನೋಡಿದರೋ! ಹಾಗಾಗಿ ಬಂದಾಗಲೆಲ್ಲ ಬ್ರೇಕು, ಟೈರು, ಸ್ಟೇರಿಂಗು ನೋಡಲೇಬೇಕು; ದೋಷ ಕಂಡರೆ ಬಂದ ದಾರಿಗೆ ಸುಂಕವಿಲ್ಲ. ಗಡಿ ಪೊಲೀಸರು ಬಿಟ್ಟರೂ ಇವರು ಬಿಡುವುದಿಲ್ಲ. “ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂತಾರಲ್ರೀ, ಆ ಪೂಜಾರಿ ನಾನ” ಎನ್ನುತ್ತಾರೆ. ಆದರೆ ಅವರದೊಂದು ಪದ್ಧತಿ ಇದೆ. ದೋಷ ಕಂಡರೆ ಡ್ರೈವರನ್ನೇ ಗುಂಡಿಗೆ ಇಳಿಸಿ, ಟಾರ್ಚು ಹಿಡಿದು ತೋರಿಸುತ್ತಾರೆ. ಸುಮ್ಮನೆ ಸತಾಯಿಸಿದ ಎಂದು ಯಾರೂ ಅನ್ನಬಾರದು.

ಕಳೆದ ಚಳಿಗಾಲದಲ್ಲಿ ಒಂದು ಮುಂಜಾನೆ ಹೀಗೆಯೇ ಟಾರ್ಚು ಬಿಟ್ಟಾಗ ಬ್ರೇಕಿನ ಗಾಳಿ ಪೈಪಿಗೆ ಸುತ್ತಿದ ಬಟ್ಟೆ ಕಂಡಿತು. ಹಳೆಯ ಇಳಕಲ್ ಸೀರೆಯ ಕೆಂಪು ದಡಿ, ಮೇಲೆ ಒತ್ತೊತ್ತಾಗಿ ಕೈಹೊಲಿಗೆ. ಕೌದಿಯಿಂದ ಹರಿದ ತುಂಡು! ಡ್ರೈವರನ ಮುಖ ನೋಡುವ ಮೊದಲೇ ಅವನು ಎಲ್ಲಿಯವನೆಂದು ವಿರುಪಾಕ್ಷಪ್ಪನವರಿಗೆ ತಿಳಿದುಹೋಯಿತು.

“ಮೊದಲ ಖುಷಿ ಆತ್ರಿ. ನನ್ನ ಹೇಣ್ತಿ ಶಿವಗಂಗವ್ವನೂ ಹಿಂಗ ಕೌದಿ ಹೊಲೀತಾಳ. ಆಮ್ಯಾಲ ಅಂಜಿಕಿ ಬಂತು. ಅರಿವಿ ಬಿಚ್ಚಿದ್ರ ಪೈಪ್ ಸೀಳಿತ್ತು. ಅಂವ ಕನ್ನಡದಾಗ ‘ಅಣ್ಣಾ, ಇದೊಂದ ಸಲ ಬಿಡು’ ಅಂದ್ರ ನನ್ನ ಕೈಲೆ ಗಾಡಿ ಹಿಡಿಯಾಕ ಆಗೂದಿಲ್ಲ ಅನ್ಸಿತು.”

ಆದ್ದರಿಂದ ಅವರು ಕನ್ನಡ ಬಾರದವರಾದರು. ಡ್ರೈವರ್ ಲಕ್ಷ್ಮೀಪತಿಯನ್ನು ಗುಂಡಿಗೆ ಕರೆದು, ಬಿಗಿ ಮುಖದಿಂದ ಹಿಂದಿಯಲ್ಲಿ, “ದೇಖೋ, ಪೈಪ್ ಖರಾಬ್, ವಾಪಸ್” ಎಂದರು. ಅವನೂ ಹಿಂದಿಯಲ್ಲೇ ಬೇಡಿಕೊಂಡ. ಕಂಪನಿ ಹೊಸ ಪೈಪು ಕೊಡುವುದಿಲ್ಲ, ಹೀಗೇ ಓಡಿಸು ಎನ್ನುತ್ತದೆ. ಈ ಸಲ ವಾಪಸ್ ಹೋದರೆ ತನ್ನನ್ನು ಇಳಿಸಿ ಬೇರೆಯವನನ್ನು ಹತ್ತಿಸುತ್ತದೆ. ಇವರು ಅರಬಿಯಲ್ಲಿ “ಮಾಫಿ, ಮಾಫಿ”, ಇಲ್ಲ, ಆಗದು ಎಂದು ತಲೆಯಾಡಿಸಿದರು. ಅವನು ಆ ಬಟ್ಟೆಯ ತುಂಡನ್ನು ಮಡಿಸಿ ಜೇಬಿಗಿಟ್ಟುಕೊಂಡ. ಈ ಮನುಷ್ಯನಿಗೆ ಕನ್ನಡ ಎಲ್ಲಿ ತಿಳಿಯುತ್ತದೆ ಎಂದುಕೊಂಡು, ತನ್ನಷ್ಟಕ್ಕೆ ತಾನೇ ಹೇಳಿಕೊಂಡ:

“ಪಾಪ, ಇವನ್ನ ಯಾಕ ಬೈಲಿ. ತನ್ನ ಕೆಲಸ ತಾ ಮಾಡ್ಯಾನ. ಅರಿವಿ ಕಟಗೊಂಡ ಬಂದಾಂವ ನಾನು.”

ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ವಿರುಪಾಕ್ಷಪ್ಪ. ಅಷ್ಟರಲ್ಲಿ ಮೇಲಿನಿಂದ ಗೇಬ್ರಿಯಲ್, ಪಾಸ್‌ಪೋರ್ಟ್ ಹಿಡಿದು ಬಗ್ಗಿದರು. “ವಿರುಪಾಕ್ಷಪ್ಪನವರೇ, ಇವರು ಬಿಜಾಪುರ ಜಿಲ್ಲೆಯವರಂತೆ. ನಿಮ್ಮ ಕಡೆಯವರೇ ಅಲ್ವಾ?”

“ಹೂಂ, ತಡೀರಿ, ಬಂದ್ನಿ.” ರೂಢಿಯ ಮಾತು ವಿರುಪಾಕ್ಷಪ್ಪನವರ ಬಾಯಿಂದ ಜಾರಿತ್ತು.

ಲಕ್ಷ್ಮೀಪತಿ ತಿರುಗಿ ನೋಡಿದ. ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರನ್ನು ಕೇಳುವಂತೆ ಕೇಳಿದ: “ಕನ್ನಡ ಬರತೈತೇನ್ರಿ ನಿಮಗ? ಯಾವೂರ್ರಿ?”

ವಿರುಪಾಕ್ಷಪ್ಪ ಟಾರ್ಚನ್ನು ಹಿಂದಿನ ಚಕ್ರದತ್ತ ತಿರುಗಿಸಿ, ನೋಡಿ ಮುಗಿಸಿದ್ದನ್ನೇ ಮತ್ತೆ ನೋಡತೊಡಗಿದರು.

“ನಾಚಿಕಿ ಆದಾಗ ಭೂಮಿ ಬಾಯಿ ಬಿಡಬಾರದಾ ಅಂತಾರಲ್ರೀ. ನಾ ಆಗಲೇ ಭೂಮ್ಯಾಗ ಇದ್ನಿ. ಇನ್ನೆಲ್ಲಿ ಹೋಗ್ಲಿ?” ಇದನ್ನು ಹೇಳುವಾಗ ಅವರು ನಗಲು ನೋಡುತ್ತಾರೆ, ಆಗುವುದಿಲ್ಲ. ಮನಸ್ಸು ಗಟ್ಟಿ ಮಾಡಿ ಮೇಲೆ ಹತ್ತಿ ಬರುವಷ್ಟರಲ್ಲಿ ಲಾರಿ ಬಂದ ಕಡೆಗೇ ತಿರುಗಿಯಾಗಿತ್ತು.

ಹದಿನೈದು ದಿನದ ಮೇಲೆ ಅದೇ ಲಾರಿ ಬಂತು. ಹೊಸ ಪೈಪು. ವಿರುಪಾಕ್ಷಪ್ಪ ಗಡಬಡಿಸಿ ಮೇಲೆ ಹತ್ತಿದರೆ, ಸ್ಟೇರಿಂಗಿನ ಮುಂದೆ ಪಂಜಾಬಿನ ಹುಡುಗ. ಹಳಬನ ಬಗ್ಗೆ ಕೇಳಿದ್ದಕ್ಕೆ, “ವೋ? ಖಲಾಸ್, ಗಯಾ” ಎಂದು ಕೈಯಾಡಿಸಿದ. ಊರಿಗೋ, ಬೇರೆ ಗಾಡಿಗೋ, ಅವನಿಗೂ ಗೊತ್ತಿರಲಿಲ್ಲ.

ಗಾಡಿ ಹಿಡಿದದ್ದು ತಪ್ಪೆಂದು ವಿರುಪಾಕ್ಷಪ್ಪನವರಿಗೆ ಇಂದಿಗೂ ಅನ್ನಿಸಿಲ್ಲ. ಸೀಳಿದ ಪೈಪು ಏನು ಮಾಡುತ್ತದೆಂದು ಘಟ್ಟ ಇಳಿದವರಿಗೆ ಹೇಳಿಕೊಡಬೇಕೆ? ಅವರಿಗೆ ನಾಚಿಕೆ ಕನ್ನಡ ಬಾರದವರಂತೆ ನಿಂತದ್ದಕ್ಕೆ. ಅಂದಿನಿಂದ ಗುಂಡಿಯ ಮೇಲೆ ಯಾವ ಲಾರಿ ಬಂದರೂ ಮೊದಲು ಕನ್ನಡದಲ್ಲಿ ಕೂಗುತ್ತಾರೆ. ಡ್ರೈವರುಗಳು ನಗುತ್ತಾರೆ, ಸಿರಿಯಾದವನೊಬ್ಬ “ನಮಸ್ಕಾರ್ರಿ” ಎನ್ನಲು ಕಲಿತಿದ್ದಾನೆ.

ಪೇಶಾವರದ ಲಾರಿ ಪಾಸಾಗಿ ಹೋಗುತ್ತದೆ. ಸಾಲಿನಲ್ಲಿ ಮುಂದಿನದು ಗುರ್ ಎನ್ನುತ್ತದೆ. ಲಕ್ಷ್ಮೀಪತಿ ಮತ್ತೆ ಬಂದರೆ, ಪೈಪು ಮತ್ತೆ ಸೀಳಿದ್ದರೆ, ಬಿಡುತ್ತೀರಾ ಎಂದು ಕೇಳಿದರೆ ವಿರುಪಾಕ್ಷಪ್ಪ ಹೆಗಲ ಬಟ್ಟೆಯಿಂದ ಕಣ್ಣಿನ ಎಣ್ಣೆ ಒರೆಸಿಕೊಳ್ಳುತ್ತಾರೆ.

“ಬಿಡಂಗಿಲ್ರಿ. ವಾಪಸ್ ಕಳಸ್ತೀನಿ. ಆದ್ರ ಮೊದಲ ನಮ್ಮೂರು ಯಾವುದು ಅಂತ ಹೇಳ್ತೀನಿ. ಅಂವ ಕೇಳಿದ್ನಲ್ರೀ.”